ಬೀದರ್–ಕಲಬುರಗಿ: 87 ಕಿ.ಮೀ.ಗೆ ಎಷ್ಟು ನಿಮಿಷ?

ಒಂಬತ್ತನೇ ತರಗತಿಯ ‘ಚಲನೆ’ ಪಾಠದಲ್ಲಿ ಸರಾಸರಿ ಜವ ಬರುತ್ತದೆ. ದೂರವನ್ನು ಕಾಲದಿಂದ ಭಾಗಿಸಬೇಕು ಎಂದು ಮಕ್ಕಳು ಬಾಯಿಪಾಠ ಒಪ್ಪಿಸುತ್ತಾರೆ. ‘ಸರಾಸರಿ’ ಎಂಬ ಪದಕ್ಕೆ ಅಲ್ಲೇನು ಕೆಲಸ ಎಂದರೆ ತರಗತಿ ಮೌನ. ಮೊಸಳೆಯ ಬೋಧನಾ ಅಭ್ಯಾಸದಲ್ಲಿ ನಾನು ಆ ಪದವನ್ನೇ ಹಿಡಿದು ಪಾಠ ಯೋಜಿಸಿದೆ. ಉದಾಹರಣೆಗೆ ಆರಿಸಿಕೊಂಡದ್ದು ರಾಜ್ಯದ ಉತ್ತರ ತುದಿಯ ಎರಡು ವಿಮಾನ ನಿಲ್ದಾಣಗಳನ್ನು: 2019ರ ನವೆಂಬರಿನಲ್ಲಿ ಆರಂಭವಾದ ಕಲಬುರಗಿ, 2020ರ ಫೆಬ್ರುವರಿಯಲ್ಲಿ ವಾಯುಪಡೆಯ ನೆಲೆಯಲ್ಲೇ ನಾಗರಿಕ ವಿಮಾನ ಕಂಡ ಬೀದರ್.

ದೂರವನ್ನು ಮಕ್ಕಳಿಂದಲೇ ಲೆಕ್ಕ ಹಾಕಿಸಬಹುದು. ಬೀದರ್ ನಿಲ್ದಾಣ 17.91 ಡಿಗ್ರಿ ಉತ್ತರ ಅಕ್ಷಾಂಶ, 77.49 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ; ಕಲಬುರಗಿಯದು 17.31 ಮತ್ತು 76.96. ಅಕ್ಷಾಂಶದ ವ್ಯತ್ಯಾಸ 0.60, ಡಿಗ್ರಿಗೆ 111 ಕಿ.ಮೀ.ಯಂತೆ ಸುಮಾರು 67 ಕಿ.ಮೀ. ರೇಖಾಂಶಗಳು ಧ್ರುವದತ್ತ ಹೋದಂತೆ ಹತ್ತಿರವಾಗುವುದರಿಂದ ಇಲ್ಲಿ ಡಿಗ್ರಿಗೆ 106 ಕಿ.ಮೀ.; 0.53ಕ್ಕೆ 56 ಕಿ.ಮೀ. ಪೈಥಾಗೊರಸ್ ಪ್ರಮೇಯ ಹಚ್ಚಿದರೆ 87 ಕಿ.ಮೀ. ಕೊಸೈನ್ ಬರುವುದು ಹತ್ತನೇ ತರಗತಿಗೆ, ಆದ್ದರಿಂದ 106 ಅನ್ನು ನೇರವಾಗಿ ಕೊಟ್ಟೆ. ಸುಲಿದ ಕಿತ್ತಳೆಯ ತೊಳೆಗಳನ್ನು ತೋರಿಸಿದರೆ ಅವರಿಗೆ ಕಾರಣ ಹೊಳೆಯುತ್ತದೆ.

ಇನ್ನು ಕಾಲ. ಎಟಿಆರ್ 72 ವಿಮಾನ ಗಂಟೆಗೆ ಸುಮಾರು 500 ಕಿ.ಮೀ. ಹಾರುತ್ತದೆ. ಭಾಗಿಸಿದರೆ ಹತ್ತೂವರೆ ನಿಮಿಷ. ಅಭ್ಯಾಸ ಪುಸ್ತಕಗಳ ಲೆಕ್ಕ ಇಲ್ಲಿಗೇ ನಿಲ್ಲುತ್ತದೆ, ಅಂಕವೂ ಸಿಗುತ್ತದೆ. ಆದರೆ 500 ಎಂಬುದು ಮೇಲೇರಿ ಸಮನಾಗಿ ಹಾರುವಾಗಿನ ಜವ. ರನ್‌ವೇವರೆಗಿನ ನಿಧಾನದ ಓಟ, ಏರುವುದು, ರನ್‌ವೇಯ ದಿಕ್ಕಿಗೆ ತಿರುಗುವುದು, ಇಳಿಯುವುದು ಎಲ್ಲಕ್ಕೂ ಕಾಲ ಬೇಕು. 87 ಕಿ.ಮೀ.ಯಲ್ಲಿ ಬಹುಪಾಲು ಏರಿಳಿತವೇ ಆಗಿಬಿಡುತ್ತದೆ. ವೇಳಾಪಟ್ಟಿಯ ಕಾಲವಂತೂ ವಿಮಾನ ನಿಂತ ಜಾಗ ಬಿಟ್ಟಲ್ಲಿಂದ ಮತ್ತೊಂದೆಡೆ ನಿಲ್ಲುವವರೆಗಿನದು.

ಇದಕ್ಕೆ ಸೊಗಸಾದ ಸಾಕ್ಷಿ ಸ್ಕಾಟ್ಲೆಂಡಿನ ಉತ್ತರದ ಆರ್ಕ್ನಿ ದ್ವೀಪಗಳಲ್ಲಿದೆ. ವೆಸ್ಟ್ರೇ ಮತ್ತು ಪಾಪಾ ವೆಸ್ಟ್ರೇ ನಡುವೆ ಲೋಗನೇರ್ ಸಂಸ್ಥೆ 1967ರಲ್ಲಿ ವಿಮಾನ ಆರಂಭಿಸಿತು. ದೂರ 2.7 ಕಿ.ಮೀ., ಕಲಬುರಗಿಯ ರನ್‌ವೇಗಿಂತ ಕಡಿಮೆ! ವೇಳಾಪಟ್ಟಿಯಲ್ಲಿ ಎರಡು ನಿಮಿಷ. ಸರಾಸರಿ ಗಂಟೆಗೆ 81 ಕಿ.ಮೀ., ಹೆದ್ದಾರಿಯ ಕಾರಿನಷ್ಟು. ಅದೇ ಪುಟ್ಟ ವಿಮಾನ 200ಕ್ಕೂ ಮೀರಿ ಹಾರಬಲ್ಲದು.

ಇಷ್ಟಾದ ಮೇಲೆ ಹಾಸನದ ಬಸ್ಸಿಗೆ ಬಂದೆವು. ಮೊಸಳೆಗೆ ಹತ್ತು ಕಿ.ಮೀ. ಚಿಲ್ಲರೆ, ಡ್ರೈವರ್ ಐವತ್ತರಲ್ಲಿ ಓಡಿಸಿದರೂ ಅರ್ಧ ಗಂಟೆ ಎಂದರು. “ಹಂಗಾದ್ರೆ ಸ್ಟಾಪಲ್ಲಿ ನಿಲ್ಲೋದೂ ಸೇರುತ್ತಾ ಮಿಸ್?” ಎಂದು ಹುಡುಗಿಯೊಬ್ಬಳು ಕೇಳಿದಳು. ಸೂತ್ರ ಒಪ್ಪಿಸುವುದಕ್ಕಿಂತ ಈ ಪ್ರಶ್ನೆಗೇ ಹೆಚ್ಚು ಅಂಕ ಕೊಡಬೇಕೆಂಬುದು ನನ್ನ ಅಭಿಪ್ರಾಯ. ಜವ ಕೊಟ್ಟು ಕಾಲ ಕೇಳುವ ಬದಲು, ವೇಳಾಪಟ್ಟಿ ಕೊಟ್ಟು ಜವ ಕೇಳುವುದು ಮೇಲು.

ಹಿಂದಿನ ಬೆಂಚಿನಿಂದ ಇನ್ನೊಂದು ಪ್ರಶ್ನೆ ಬಂತು: “ಅಷ್ಟು ಹತ್ರಕ್ಕೆ ವಿಮಾನದಲ್ಲಿ ಯಾರು ಹೋಗ್ತಾರೆ?” 2017ರ ಅಕ್ಟೋಬರಿನಿಂದ ಆ ಊರುಗಳ ನಡುವೆ 110 ಕಿ.ಮೀ. ರೈಲು ಮಾರ್ಗವೇ ಇದೆ. ಎರಡೂ ನಿಲ್ದಾಣಗಳ ಮೊದಲ ವಿಮಾನ ಸಂಪರ್ಕ ಬೆಂಗಳೂರಿಗೆ. ಬೆಂಗಳೂರನ್ನು ಬಳಸಿ ಹಾರಿದರೆ 522 ಮತ್ತು 462, ಒಟ್ಟು 984 ಕಿ.ಮೀ. ದೂರ 984, ಸ್ಥಾನಪಲ್ಲಟ 87 ಎಂದು ಕಪ್ಪುಹಲಗೆಯಲ್ಲಿ ಬರೆಯುವಷ್ಟರಲ್ಲಿ ಗಂಟೆ ಬಾರಿಸಿತು.