ಗಟ್ಟಿಮೇಳಕ್ಕೊಂದು ಮಿಂಚು

ಮುಹೂರ್ತ ಹತ್ತೂವರೆಗೆ. ಬೆಳಗಿನ ಏಳಕ್ಕೆ ಶಿವಮೊಗ್ಗದ ಆ ಕಲ್ಯಾಣ ಮಂಟಪದಲ್ಲಿ ಅವಸರ ಇರುವುದು ಮೂರೇ ತಂಡಕ್ಕೆ: ಅಡುಗೆಯವರು, ಹೂವಿನವರು, ಫೋಟೊದವರು. ಉಳಿದವರೆಲ್ಲ ಕಾಫಿ ಲೋಟ ಹಿಡಿದು ಅರೆನಿದ್ದೆಯಲ್ಲಿ ಓಡಾಡುತ್ತಿದ್ದಾರೆ. ವೇದಿಕೆಯ ಎಡಕ್ಕೊಂದು, ಬಲಕ್ಕೊಂದು ಸ್ಟ್ಯಾಂಡ್ ನಿಂತಿದೆ. ಅವುಗಳ ನೆತ್ತಿಯಲ್ಲಿ ಬಿಳಿ ಛತ್ರಿ, ಛತ್ರಿಯೊಳಗೆ ಫ್ಲ್ಯಾಶ್. ಮೂರನೆಯ ಫ್ಲ್ಯಾಶನ್ನು ಸಹಾಯಕ ಹುಡುಗ ಹಿಂದಿನ ಕಂಬಕ್ಕೆ ಕ್ಲ್ಯಾಂಪ್ ಹಾಕಿ ಬಿಗಿಯುತ್ತಿದ್ದಾನೆ. ವಧುವಿನ ಜಡೆಯ ಅಂಚಿಗೂ ಮೊಗ್ಗಿನ ದಂಡೆಗೂ ಹೊಳಪಿನ ಗೆರೆ ಎಳೆಯುವುದು ಅದರ ಕೆಲಸ.

ಮುಖ್ಯ ಫೋಟೊಗ್ರಾಫರ್ ಸಭಾಂಗಣದ ನಡುವೆ ನಿಂತು ಕ್ಯಾಮೆರಾ ಎತ್ತದೆಯೇ ಒಂದು ಗುಂಡಿ ಒತ್ತುತ್ತಾರೆ. ಎಡದ್ದು ಮಿಂಚಿತು, ಬಲದ್ದೂ ಮಿಂಚಿತು. ಕಂಬದ್ದು ಸುಮ್ಮನಿದೆ.

‘ಅಣ್ಣಾ, ಸಿ ಹೊಡೀತಾ ಇಲ್ಲ.’

‘ಚಾನೆಲ್ ನೋಡೋ ಮಾರಾಯ. ನಿನ್ನೆ ಆರತಕ್ಷತೇಲಿ ಬದಲಾಯಿಸಿದ್ವಲ್ಲ.’

ಹುಡುಗ ಏಣಿ ಹತ್ತಿ ಚಾನೆಲ್ ಸರಿಮಾಡಿದ. ಈ ಸಲ ಮೂರೂ ಒಟ್ಟಿಗೆ ಬೆಳಗಿದವು.

ಈ ಮಂಟಪದ ಛಾವಣಿ ತಗಡಿನದು, ಎರಡಾಳಿಗಿಂತ ಎತ್ತರ. ಗೋಡೆಗೆ ಗಿಳಿಹಸಿರು ಬಣ್ಣ. ಕ್ಯಾಮೆರಾದ ತಲೆಯ ಮೇಲೇ ಫ್ಲ್ಯಾಶ್ ಕೂರಿಸಿ ಬೆಳಕನ್ನು ಮೇಲಕ್ಕೆ ತಿರುಗಿಸಿದರೆ ತಗಡು ಅದನ್ನು ನುಂಗುತ್ತದೆ. ಗೋಡೆಗೆ ತಿರುಗಿಸಿದರೆ ಮದುಮಗನ ಮುಖ ಹಸಿರಾಗುತ್ತದೆ. ನೇರವಾಗಿ ಹೊಡೆದರೆ ಹಣೆ ಬೆಳ್ಳಗೆ, ಹಿಂದೆ ಕಪ್ಪು ನೆರಳು. ಆದ್ದರಿಂದ ಬೆಳಕು ಕ್ಯಾಮೆರಾದಿಂದ ಇಳಿದು ಬೇರೆ ಕಡೆ ನಿಲ್ಲಲೇಬೇಕು. ಇಳಿದ ಬೆಳಕಿಗೆ ಆಜ್ಞೆ ತಲುಪಿಸುವುದು ಹೇಗೆ? ಫ್ಲ್ಯಾಶ್ ಕೊಳ್ಳುವವರ ನಿಜವಾದ ಪ್ರಶ್ನೆ ಅದು.

ಮೊದಲು ಆ ಕೆಲಸವನ್ನು ತಂತಿ ಮಾಡುತ್ತಿತ್ತು. ಹೆಜ್ಜೆಗೊಂದು ಮಗು ಓಡಾಡುವ, ರೇಷ್ಮೆ ಸೀರೆಯ ನೆರಿಗೆ ನೆಲ ಗುಡಿಸುವ ಜಾಗದಲ್ಲಿ ತಂತಿ ಎಳೆದರೆ ಸ್ಟ್ಯಾಂಡ್ ಬೀಳದೆ ಉಳಿಯುವುದು ಕಷ್ಟ. ಬಳಿಕ ಬೆಳಕನ್ನು ಕಂಡು ತಾನೂ ಮಿಂಚುವ ಸ್ಲೇವ್ ಬಂತು. ಆದರೆ ಯಾರ ಮಿಂಚೆಂಬ ಭೇದ ಅದಕ್ಕಿಲ್ಲ. ನೆಂಟರೊಬ್ಬರು ಪುಟ್ಟ ಕ್ಯಾಮೆರಾ ಒತ್ತಿದರೂ ಅದು ಖರ್ಚಾಗುತ್ತಿತ್ತು. 1998ರ ಕ್ಯಾನನ್ 550ಇಎಕ್ಸ್, 2003ರ ನಿಕಾನ್ ಎಸ್‌ಬಿ-800 ಬೆಳಕಿನ ಸಂಕೇತಗಳಲ್ಲೇ ಶಕ್ತಿಯ ಲೆಕ್ಕವನ್ನೂ ಕಳಿಸುವಷ್ಟು ಜಾಣವಾಗಿದ್ದವು. ಆದರೂ ನಡುವೆ ಕಂಬ ಬಂದರೆ, ಪುರೋಹಿತರು ಎದ್ದು ನಿಂತರೆ, ಹೊರಗೆ ಬಿಸಿಲು ಹೆಚ್ಚಾದರೆ ಸಂಕೇತ ಕಾಣದು.

ರೇಡಿಯೊಗೆ ಆ ಹಂಗಿಲ್ಲ. ಕಂಬದ ಹಿಂದಿದ್ದರೂ ಛತ್ರಿಯೊಳಗಿದ್ದರೂ ಆಜ್ಞೆ ಮುಟ್ಟುತ್ತದೆ. ಅಮೆರಿಕದ ಪಾಕೆಟ್‌ವಿಜರ್ಡ್ ಬಹುಕಾಲ ಇದರ ದೊಡ್ಡ ಹೆಸರು. ಬೆಲೆಯೂ ಅಷ್ಟೇ ದೊಡ್ಡದು. ಕ್ಯಾನನ್ ತನ್ನ ಫ್ಲ್ಯಾಶಿನೊಳಗೇ ರೇಡಿಯೊ ಇಟ್ಟದ್ದು 2012ರ 600ಇಎಕ್ಸ್-ಆರ್‌ಟಿಯಲ್ಲಿ, ನಿಕಾನ್ 2016ರ ಎಸ್‌ಬಿ-5000ದಲ್ಲಿ. ಜಿಲ್ಲಾ ಕೇಂದ್ರದ ಸ್ಟುಡಿಯೊಗಳ ಕೈಗೆ ಅದನ್ನು ತಲುಪಿಸಿದ್ದು ಚೀನಾದ ಯೊಂಗ್‌ನುವೊ, ಗೋಡಾಕ್ಸ್‌ಗಳು. ಈ ಮಂಟಪದ ಮೂರು ಫ್ಲ್ಯಾಶ್‌ಗಳೂ ಗೋಡಾಕ್ಸ್‌ನವು.

ಒಂಬತ್ತು ಗಂಟೆಗೆ ಗಂಡಿನ ಕಡೆಯ ಫೋಟೊ ತಂಡ ಬಂತು. ಅವರದೂ ಅದೇ ಕಂಪನಿ, ಅದೇ ಚಾನೆಲ್. ಅವರು ಮೊದಲ ಪಟ ಹೊಡೆದಾಗ ಇವರ ಛತ್ರಿಗಳು ಮಿಂಚಿದವು. ಮನೆಯಲ್ಲಿ ಇಬ್ಬರಿಗೂ ಪುಟ್ಟ ಎಂದೇ ಹೆಸರಿಟ್ಟು ಕರೆದರೆ ಇಬ್ಬರೂ ಓಡಿ ಬಂದಂತೆ. ಜಗಳವಾಗಲಿಲ್ಲ. ‘ನೀವು ಏಳಕ್ಕೆ ಹೋಗಿ, ನಾವು ಹದಿನೆಂಟಕ್ಕೆ’ ಎಂದು ಒಪ್ಪಂದವಾಯಿತು. ಗೋಡಾಕ್ಸ್‌ನ ಈ ವ್ಯವಸ್ಥೆಯಲ್ಲಿ 32 ಚಾನೆಲ್‌ಗಳಿವೆ. ಹೊಸ ಟ್ರಾನ್ಸ್‌ಮಿಟರ್‌ಗಳಲ್ಲಿ ಚಾನೆಲ್ ಮೇಲೆ 1ರಿಂದ 99ರವರೆಗಿನ ಐಡಿಯನ್ನೂ ಸೇರಿಸಬಹುದು. ಕೊಳ್ಳುವಾಗ ಬೆಳಕಿನ ಶಕ್ತಿಯನ್ನಷ್ಟೇ ಕೇಳುವವರು ಮದುವೆಮನೆಯಲ್ಲಿ ಮೊದಲು ಹುಡುಕುವುದು ಈ ಐಡಿಯನ್ನೇ. ಎಲ್ಲವೂ ಓಡುವುದು 2.4 ಗಿಗಾಹರ್ಟ್ಸ್‌ನಲ್ಲಿ, ವೈಫೈ, ಬ್ಲೂಟೂತ್‌ಗಳ ದಾರಿಯೂ ಅದೇ. ಡಬ್ಬಿಯ ಮೇಲೆ ನೂರು ಮೀಟರ್ ಎಂದು ಬರೆದಿರುವುದು ಬಯಲಿನ ಲೆಕ್ಕ. ಮನುಷ್ಯರ ಮೈ ಈ ಅಲೆಯನ್ನು ಹೀರುತ್ತದೆ. ಜನ ತುಂಬಿದ ಸಭಾಂಗಣದಲ್ಲಿ ಫ್ಲ್ಯಾಶ್ ತಲೆಗಳಿಗಿಂತ ಮೇಲಿರುವುದು ಅದಕ್ಕಾಗಿಯೂ ಒಳ್ಳೆಯದು.

ಅಗ್ಗದ ಟ್ರಿಗರ್‌ಗಳು ‘ಮಿಂಚು’ ಎಂದಷ್ಟೇ ಹೇಳಬಲ್ಲವು. ಎಷ್ಟು ಮಿಂಚಬೇಕೆಂದು ಹೇಳಲು ಹುಡುಗ ಮತ್ತೆ ಏಣಿ ಹತ್ತಬೇಕು. ಇವರ ಕ್ಯಾಮೆರಾದ ಮೇಲಿರುವ ಟ್ರಾನ್ಸ್‌ಮಿಟರ್ ಎ, ಬಿ, ಸಿ ಎಂದು ಗುಂಪು ಮಾಡಿ ನಿಂತಲ್ಲಿಂದಲೇ ಒಂದೊಂದರ ಶಕ್ತಿ ಬದಲಿಸುತ್ತದೆ. ವಧು ಬಾಗಿಲಿನಿಂದ ನಡೆದು ಬರುವಾಗ ದೂರ ಕ್ಷಣಕ್ಷಣಕ್ಕೂ ಬದಲಾಗುತ್ತದೆ. ಆಗ ಕ್ಯಾಮೆರಾವೇ ಅಳೆದು ಹೇಳುವ ಟಿಟಿಎಲ್ ಬೇಕು. ವೇದಿಕೆಯ ಮೇಲೆ ಕುಳಿತ ಮೇಲೆ ದೂರ ಬದಲಾಗದು. ಆಗ ಮ್ಯಾನುಯಲ್ ಮೇಲು, ಏಕೆಂದರೆ ಬಿಳಿ ಪಂಚೆ, ಜರಿ ಅಂಚು ಟಿಟಿಎಲ್‌ನ ಅಳತೆಯನ್ನು ದಾರಿ ತಪ್ಪಿಸುತ್ತವೆ.

ಹತ್ತೂ ಇಪ್ಪತ್ತಕ್ಕೆ ಅಂತರಪಟ ಹಿಡಿದರು. ಇಬ್ಬರ ಕೈಯಲ್ಲೂ ಜೀರಿಗೆ ಬೆಲ್ಲ. ಮಂಗಳಾಷ್ಟಕದ ದನಿ ಏರುತ್ತಿದೆ. ಫೋಟೊಗ್ರಾಫರ್ ಶಟರ್ ವೇಗವನ್ನು 1/200 ಸೆಕೆಂಡಿಗೆ ನಿಲ್ಲಿಸಿದ್ದಾರೆ. ಅವರ ಕ್ಯಾಮೆರಾದ ಮಿತಿ ಅದು. ಮೀರಿದರೆ ಶಟರಿನ ಪರದೆ ಮಿಂಚಿಗೆ ಅಡ್ಡ ಬಂದು ಪಟದ ಅಂಚಿಗೆ ಕಪ್ಪು ಪಟ್ಟಿ ಬೀಳುತ್ತದೆ. ಮೂರೂ ಫ್ಲ್ಯಾಶ್‌ಗಳ ಶಕ್ತಿ ಹದಿನಾರರಲ್ಲಿ ಒಂದು ಪಾಲು. ಒಂದನ್ನೇ ಪೂರ್ಣ ಶಕ್ತಿಯಲ್ಲಿ ಹೊಡೆದರೆ ಬೆಳಕು ಸಾಲದೆಂದಲ್ಲ. ಪೂರ್ಣ ಶಕ್ತಿಯ ಮಿಂಚು ತುಸು ನಿಧಾನ, ಮತ್ತೆ ತುಂಬಿಕೊಳ್ಳಲು ಸೆಕೆಂಡುಗಳು ಬೇಕು. ಕಡಿಮೆ ಶಕ್ತಿಯ ಮಿಂಚು ಸೆಕೆಂಡಿನ ಕೆಲವು ಸಾವಿರದಲ್ಲೊಂದು ಪಾಲಿನೊಳಗೆ ಮುಗಿದು, ತಕ್ಷಣ ಮುಂದಿನದಕ್ಕೆ ಸಿದ್ಧ.

ಪುರೋಹಿತರು ಕೈಯೆತ್ತಿ ‘ಗಟ್ಟಿಮೇಳ, ಗಟ್ಟಿಮೇಳ!’ ಎಂದರು. ಡೋಲು ಗುಡುಗಿತು. ವರನ ಬೆರಳು ಮಾಂಗಲ್ಯದ ಗಂಟಿನಲ್ಲಿದ್ದಾಗಲೇ ನಾಲ್ಕೂ ಕಡೆಯಿಂದ ಅಕ್ಷತೆ ಹಾರಿತು. ಮೂರು ಮಿಂಚು, ಮತ್ತೆ ಮೂರು, ಮತ್ತೆ ಮೂರು. ಕ್ಯಾಮೆರಾದ ಪರದೆಯ ಮೇಲೆ ಅಕ್ಕಿಕಾಳುಗಳು ಗಾಳಿಯಲ್ಲಿ ಒಂದೊಂದಾಗಿ ನಿಂತಿವೆ. ಅರಿಸಿನದ ಬಣ್ಣವೂ ಸ್ಪಷ್ಟ. ‘ಇನ್ನೊಂದ್ಸಲ ಕಟ್ಟಿ ಸಾರ್’ ಎಂದು ಹೇಳಲಾಗದ ಗಳಿಗೆ ಇದು. ಎಷ್ಟು ಪ್ರಖರವಾಗಿ ಬೆಳಗುತ್ತದೆ ಎಂಬುದಕ್ಕಿಂತ, ಕರೆದ ಪ್ರತಿ ಸಲವೂ ಬೆಳಗುತ್ತದೆಯೇ ಎಂಬುದರ ಮೇಲೆ ವ್ಯವಸ್ಥೆಯನ್ನು ಆರಿಸಬೇಕಾದದ್ದು ಇಂಥ ಗಳಿಗೆಗಾಗಿ.

ಸದ್ದಡಗಿದ ಮೇಲೆ ವರನ ಚಿಕ್ಕಪ್ಪನ ಮಗ ಹತ್ತಿರ ಬಂದ. ಕೊರಳಲ್ಲಿ ಹೊಸ ಕ್ಯಾನನ್ 200ಡಿ ಮಾರ್ಕ್ 2.

‘ಅಣ್ಣಾ, ನಾನೂ ಇಂಥದ್ದೊಂದು ಸೆಟ್ ತಗೋಬೇಕು. ಸಿಂಗಲ್ ಪಿನ್ ಟ್ರಿಗರ್ ಅಗ್ಗಕ್ಕೆ ಸಿಗ್ತಿದೆ.’

ಫೋಟೊಗ್ರಾಫರ್ ಅವನ ಕ್ಯಾಮೆರಾದ ಹಾಟ್ ಶೂ ತೋರಿಸಿದರು. ‘ನೋಡು ತಮ್ಮಾ, ನಡುವೆ ದೊಡ್ಡ ಪಿನ್ನೇ ಇಲ್ಲ. ಆ ಟ್ರಿಗರ್ ಇದರಲ್ಲಿ ಹೊಡೆಯಲ್ಲ. ಕ್ಯಾನನ್‌ಗೇ ಅಂತ ಮಾಡಿದ್ದು ತಗೋ, ಅಂಗಡೀಲೇ ಹಾಕಿ ನೋಡಿ ದುಡ್ಡು ಕೊಡು.’

‘ಮುಂದೆ ಸೋನಿ ತಗೊಂಡ್ರೆ?’

‘ಗೋಡಾಕ್ಸ್‌ನಲ್ಲಿ ಟ್ರಾನ್ಸ್‌ಮಿಟರ್ ಒಂದು ಬದಲಾಯಿಸಿದ್ರೆ ಸಾಕು. ಸ್ಟ್ಯಾಂಡ್ ಮೇಲಿರೋ ಫ್ಲ್ಯಾಶ್ ಅದೇ ನಡೆಯುತ್ತೆ. ಅದಕ್ಕೇ ಹೇಳೋದು, ಮೊದಲು ಯಾವ ಕಂಪನಿ ಅಂತ ಗಟ್ಟಿ ಮಾಡ್ಕೊ. ಒಂದರ ರೇಡಿಯೊ ಮಾತು ಇನ್ನೊಂದಕ್ಕೆ ತಿಳಿಯಲ್ಲ. ಲಿಥಿಯಂ ಬ್ಯಾಟರೀದು ಸಿಕ್ಕರೆ ಒಳ್ಳೇದು. ನಮ್ಮ ವಿ860ಕ್ಕೆ ಒಂದು ಚಾರ್ಜಿಗೆ ಫುಲ್ ಪವರಲ್ಲೇ ಆರುನೂರು ಚಿಲ್ಲರೆ ಅಂತಾರೆ. ಪೆನ್ಸಿಲ್ ಸೆಲ್ ಆದ್ರೆ ಧಾರೆ ಮುಗಿಯೋದ್ರೊಳಗೆ ಬದಲಾಯಿಸ್ತಾ ಕೂರ್ಬೇಕು. ಸದ್ಯಕ್ಕೆ ಒಂದು ಟ್ರಾನ್ಸ್‌ಮಿಟರ್, ಒಂದು ಫ್ಲ್ಯಾಶ್, ಸ್ಟ್ಯಾಂಡ್, ಬಿಳಿ ಛತ್ರಿ. ಎರಡನೇದು ದುಡಿದ ದುಡ್ಡಲ್ಲಿ.’

ಅಷ್ಟರಲ್ಲಿ ಹೆಣ್ಣಿನ ಸೋದರಮಾವ ಕೂಗಿದರು: ಮೊದಲ ಪಂಕ್ತಿ ಕೂರುವ ಮುನ್ನ ಇಡೀ ಕುಟುಂಬದ ಗ್ರೂಪ್ ಫೋಟೊ ಆಗಬೇಕು. ಅಜ್ಜಿಯರಿಗೆ ಕುರ್ಚಿ ಬಂತು, ಮಕ್ಕಳು ಮುಂದೆ ಚಕ್ಕಳಮಕ್ಕಳ ಕುಳಿತರು. ಸಾಲು ಅಗಲವಾಯಿತು, ಹುಡುಗ ಎರಡೂ ಸ್ಟ್ಯಾಂಡ್‌ಗಳನ್ನು ಮೊದಲಿನ ದುಪ್ಪಟ್ಟು ದೂರಕ್ಕೆ ಸರಿಸಿದ. ದೂರ ಎರಡರಷ್ಟಾದರೆ ತಲುಪುವ ಬೆಳಕು ಕಾಲು ಭಾಗವಾಗುತ್ತದೆ. ಫೋಟೊಗ್ರಾಫರ್ ನಿಂತಲ್ಲಿಂದಲೇ ಎ, ಬಿ ಎರಡನ್ನೂ 1/16ರಿಂದ 1/4ಕ್ಕೆ ಏರಿಸಿ, ‘ಎಲ್ರೂ ಇಲ್ಲಿ ನೋಡಿ’ ಎಂದರು.