ಚೆನ್ನೆಮಣೆ: ಒಂದು ಮಣೆ, ಹಲವು ಆಟ

ಒಂದೇ ವಿದ್ಯುನ್ಮಾನ ಫಲಕದಲ್ಲಿ ಹಲವು ಆಟಗಳನ್ನು ತುಂಬಿ, ಅದನ್ನು ಮನೆಯ ಆಟದ ಪೆಟ್ಟಿಗೆಗೆ ಅಳವಡಿಸಿಕೊಳ್ಳುವ ಹವ್ಯಾಸ ಇಂದಿನ ಕೆಲವು ತರುಣರಲ್ಲುಂಟು. ಪುತ್ತೂರು, ಸುಳ್ಯ, ಕಡಬ ಸೀಮೆಯ ಹಳೆಯ ಮನೆಗಳಿಗೆ ಈ ಕಲ್ಪನೆ ಅಪರಿಚಿತವಲ್ಲ. ಅಲ್ಲಿನ ಚೆನ್ನೆಮಣೆಯೇ ಇದಕ್ಕೆ ನಿದರ್ಶನ. ಬಯಲುಸೀಮೆಯವರು ಇದನ್ನು ಅಳಗುಳಿಮಣೆಯೆಂದು ಬಲ್ಲರು.

ಮರದ ಹಲಗೆಯಲ್ಲಿ ಸಾಲಿಗೆ 7ರಂತೆ ಎರಡು ಸಾಲು, ಒಟ್ಟು 14 ಗುಳಿಗಳು. ಗುಳಿಗೆ 4ರಂತೆ 56 ಕಾಯಿಗಳು. ಕೆಂಪನೆಯ ಮಂಜೊಟ್ಟಿ ಬೀಜಗಳೇ ಕಾಯಿಗಳಾಗುವುದುಂಟು. ಜಡಿಮಳೆಯಿಂದ ಹೊರಗೆಲಸ ನಿಲ್ಲುವ ಆಟಿ ತಿಂಗಳು ಈ ಆಟದ ಕಾಲ. ಒಂದು ಗುಳಿಯ ಕಾಯಿಗಳನ್ನೆತ್ತಿ, ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಾಕುತ್ತ ಸಾಗುವುದು ಸಾಮಾನ್ಯ ಕ್ರಮ. ನಿಯಮ ಬದಲಾದಂತೆ ಆಟವೂ ಬದಲಾಗುತ್ತದೆ: ಅರಸು ಆಟ, ಜೋಡುಪೆರ್ಗದ ಆಟ, ಒಬ್ಬರೇ ಕುಳಿತು ಆಡುವ ಸೀತೆಯ ಆಟ. ಎಣಿಕೆ, ಮುಂದಾಲೋಚನೆ, ತಾಳ್ಮೆ ಇವು ಎಲ್ಲಕ್ಕೂ ಬೇಕು. ಸಿರಿ ಪಾಡ್ದನದ ಅವಳಿ ಸೋದರಿಯರಾದ ಅಬ್ಬಗ-ದಾರಗರ ದುರಂತಕ್ಕೆ ಚೆನ್ನೆಯಾಟದ ಕಲಹವೇ ಕಾರಣ. ಒಡಹುಟ್ಟಿದವರು ಎದುರುಬದುರಾಗಿ ಇದನ್ನು ಆಡಬಾರದೆಂಬ ನಂಬಿಕೆಯೂ ತುಳುನಾಡಿನಲ್ಲಿದೆ.

ವಿದ್ಯುನ್ಮಾನ ಫಲಕದ ಆಟಗಳು ಅದರ ಚಿಪ್ಪಿನಲ್ಲಿ ಅಡಗಿರುತ್ತವೆ. ಚೆನ್ನೆಮಣೆಯ ಆಟಗಳಿರುವುದು ಆಡುವವರ ನೆನಪಿನಲ್ಲಿ. ಬಲ್ಲ ಅಜ್ಜಿಯೊಬ್ಬರು ಕಣ್ಮರೆಯಾದರೆ ಆ ಮನೆಯಲ್ಲಿ ಉಳಿಯುವುದು ಬರಿಯ ಗುಳಿಹಲಗೆ. ಆದುದರಿಂದ ಮಣೆಯನ್ನು ಪ್ರದರ್ಶನಕ್ಕಿಟ್ಟರೆ ಸಾಲದು. ಶಾಲೆಯ ಮಕ್ಕಳು ಹಿರಿಯರ ಬಳಿ ಕುಳಿತು, ಒಂದೊಂದು ಆಟದ ನಿಯಮವನ್ನೂ ಕೇಳಿ ಬರೆದುಕೊಂಡು, ಆಡಿ ಕಲಿಯಬೇಕು. ಅದಕ್ಕೆ ಒಂದು ಮಳೆಗಾಲದ ಬಿಡುವು ಸಾಕು.