ಎಂಜಿನ್ ಬಿಚ್ಚಿದಾಗ ರಿಂಗಿನ ಸಂದು ನೋಡಿ



ಸಂಘದ ಸಾಲದಲ್ಲಿ ಹಿಟ್ಟಿನ ಗಿರಣಿ ಇಟ್ಟವರು, ಬಾವಿಗೆ ಡೀಸೆಲ್ ಪಂಪು ಕೂಡಿಸಿದವರು ನಮ್ಮಲ್ಲಿ ಇದ್ದಾರೆ. ಕರೆಂಟು ಕೈಕೊಟ್ಟ ದಿನ ಈ ಎಂಜಿನ್ನೇ ಗತಿ. ಅದು ನೀಲಿ ಹೊಗೆ ಬಿಡಲು ಶುರು ಮಾಡಿದರೆ ಮೇಸ್ತ್ರಿಯನ್ನು ಕರೆಸುತ್ತೇವೆ. ಅವರು "ರಿಂಗ್ ಹೋಗಿದೆ ಅಕ್ಕ" ಅಂತಾರೆ, ನಾವು ಹಣ ಕೊಡುತ್ತೇವೆ. ಮೂರು ತಿಂಗಳಿಗೆ ಮತ್ತೆ ಅದೇ ಹೊಗೆ. ಸಾಲದ ಕಂತು ಮಾತ್ರ ತಪ್ಪದೆ ಬರುತ್ತದೆ. ಹೀಗಾಗಲು ಎಷ್ಟೋ ಸಲ ಕಾರಣ ರಿಂಗ್ ಕೆಟ್ಟದ್ದಿತ್ತು ಅಂತಲ್ಲ, ಅಳತೆ ನೋಡದೆ ಹಾಕಿದ್ದು. ರಿಂಗ್ ಹಾಕುವ ಕೆಲಸ ನಾವೇ ಮಾಡಬೇಕೆಂದಿಲ್ಲ. ಆದರೆ ಪಕ್ಕದಲ್ಲಿ ನಿಂತು ಏನು ಕೇಳಬೇಕು ಅನ್ನೋದು ಗೊತ್ತಿರಲಿ.

ಡೀಸೆಲ್ ಎಂಜಿನ್ನಿಗೆ ಕಿಡಿ ಹಚ್ಚುವ ಪ್ಲಗ್ ಇಲ್ಲ. ಪಿಸ್ಟನ್ ಮೇಲೆ ಬಂದು ಗಾಳಿಯನ್ನು ಒತ್ತಿದಾಗ ಆಗುವ ಕಾವಿನಿಂದಲೇ ಡೀಸೆಲ್ ಹೊತ್ತಿಕೊಳ್ಳುತ್ತದೆ. ಆ ಗಾಳಿ ಪಕ್ಕದಿಂದ ಸೋರದ ಹಾಗೆ ತಡೆಯುವುದು ಪಿಸ್ಟನ್ನಿನ ಸುತ್ತ ಇರುವ ರಿಂಗುಗಳು. ನೋಡಲು ಒಂದು ಕಡೆ ಕತ್ತರಿಸಿದ ಬಳೆಯ ಹಾಗೆ ಇರುತ್ತವೆ. ಮೇಲಿನವು ಕಂಪ್ರೆಶನ್ ರಿಂಗುಗಳು, ಕೆಳಗಿನದು ಗೋಡೆಯ ಮೇಲಿನ ಹೆಚ್ಚಿನ ಎಣ್ಣೆಯನ್ನು ಕೆರೆದು ಕೆಳಗೆ ಇಳಿಸುವ ಆಯಿಲ್ ರಿಂಗ್. ಇವು ಸವೆದರೆ ಎಷ್ಟು ಹ್ಯಾಂಡಲ್ ಹೊಡೆದರೂ ಬೇಗ ಸ್ಟಾರ್ಟ್ ಆಗಲ್ಲ, ಆಯಿಲ್ ಬೇಗ ಖರ್ಚಾಗುತ್ತದೆ, ಬ್ರೀದರಿನಿಂದ ಬುಸ್ ಬುಸ್ ಎಂದು ಹೊಗೆ ಬರುತ್ತದೆ.

ಈಗ ಆ ಕತ್ತರಿಸಿದ ಜಾಗದ ವಿಷಯ. ಅದು ಯಾಕೆ ಬೇಕು? ಎತ್ತಿನ ಗಾಡಿ ಚಕ್ರಕ್ಕೆ ಕಬ್ಬಿಣದ ಪಟ್ಟಿ ಹಾಕುವುದನ್ನು ಹಿರಿಯರು ನೋಡಿರುತ್ತೀರಿ. ಕಾಸಿದ ಪಟ್ಟಿ ಹಿಗ್ಗಿ ಚಕ್ರದ ಮೇಲೆ ಸಲೀಸಾಗಿ ಕೂರುತ್ತದೆ, ನೀರು ಹೊಯ್ದರೆ ಬಿಗಿಯುತ್ತದೆ. ರಿಂಗೂ ಹಾಗೇ ಹಿಗ್ಗುತ್ತದೆ. ಕಿರ್ಲೋಸ್ಕರ್ ಎ.ವಿ.1 ಎಂಬ 5 ಎಚ್.ಪಿ. ಎಂಜಿನ್ನಿನ ಬೋರ್ 80 ಮಿ.ಮೀ. ಅಷ್ಟು ದೊಡ್ಡ ರಿಂಗಿನ ಸುತ್ತಳತೆ ಸುಮಾರು 251 ಮಿ.ಮೀ. ಅದು 100 ಡಿಗ್ರಿ ಹೆಚ್ಚು ಬಿಸಿಯಾದರೆ ಕಾಲು ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿಯೇ ಉದ್ದವಾಗುತ್ತದೆ. ಲೈನರು ರಿಂಗಿನಷ್ಟು ಬಿಸಿಯಾಗುವುದಿಲ್ಲ, ಅಷ್ಟು ಹಿಗ್ಗುವುದೂ ಇಲ್ಲ. ಸಂದು ಸಾಲದಿದ್ದರೆ ರಿಂಗಿನ ಎರಡು ತುದಿ ಒಂದಕ್ಕೊಂದು ಗುದ್ದುತ್ತವೆ. ಹಿಗ್ಗಲು ಜಾಗ ಇಲ್ಲದೆ ರಿಂಗ್ ಲೈನರನ್ನು ಗೀರುತ್ತದೆ, ಇಲ್ಲವೇ ತುಂಡಾಗುತ್ತದೆ. ಸಂದು ಜಾಸ್ತಿಯಾದರೆ ಗಾಳಿ ಸೋರುತ್ತದೆ. ಮೊದಲನೆಯದು ಹೆಚ್ಚು ಅಪಾಯ, ಯಾಕೆಂದರೆ ಹೊಸ ಲೈನರಿನ ದುಡ್ಡೂ ಹೋಗುತ್ತದೆ.

ಸಾಮಾನ್ಯ ಲೆಕ್ಕ ಹೀಗಿದೆ: 100 ಮಿ.ಮೀ. ಬೋರಿಗೆ 0.30ರಿಂದ 0.40 ಮಿ.ಮೀ. ಸಂದು. ಅಂದರೆ 80 ಮಿ.ಮೀ. ಬೋರಿಗೆ ಹೆಚ್ಚುಕಡಿಮೆ 0.25ರಿಂದ 0.32. ಎಂಜಿನ್ನಿನ ಪುಸ್ತಕದಲ್ಲೋ ರಿಂಗಿನ ಡಬ್ಬಿಯ ಮೇಲೋ ಬೇರೆ ಅಳತೆ ಬರೆದಿದ್ದರೆ ಅದೇ ಸರಿ. ಕೆಲವು ಮೇಸ್ತ್ರಿಗಳು "12 ಥೌ" ಅಂತ ಹೇಳ್ತಾರೆ, ಅದು ಸುಮಾರು 0.30 ಮಿ.ಮೀ.

ಅಳೆಯುವುದು ಕಷ್ಟವಲ್ಲ. ರಿಂಗನ್ನು ಪಿಸ್ಟನ್ನಿಗೆ ಹಾಕುವ ಮೊದಲು ಬರಿ ರಿಂಗನ್ನೇ ಲೈನರಿನ ಒಳಗೆ ಇಳಿಸಬೇಕು. ಪಿಸ್ಟನ್ನನ್ನು ತಲೆಕೆಳಗು ಮಾಡಿ ಅದರಿಂದ ತಳ್ಳಿದರೆ ರಿಂಗ್ ಓರೆಯಾಗದೆ ನೆಟ್ಟಗೆ ಕೂರುತ್ತದೆ. ಹಳೇ ಲೈನರಾದರೆ ಕೆಳಗೆ, ರಿಂಗ್ ಓಡಾಡುವ ಜಾಗದ ತುದಿಯಲ್ಲಿ ಅಳೆಯಿರಿ. ಅಲ್ಲಿ ಸವೆತ ಕಡಿಮೆ, ಸಂದೂ ಅಲ್ಲೇ ಅತಿ ಚಿಕ್ಕದು. ತೆಳ್ಳನೆ ಉಕ್ಕಿನ ಎಲೆಗಳ ಕಟ್ಟು ಇರುತ್ತದಲ್ಲ, ಫೀಲರ್ ಗೇಜ್, ಅದರ 0.30ರ ಎಲೆ ಸ್ವಲ್ಪ ಹಿಡಿತದಿಂದ ಜಾರಿ 0.35 ಹೋಗದಿದ್ದರೆ ನಿಮ್ಮ ಸಂದು ಆ ಎರಡರ ನಡುವೆ. ಮೇಸ್ತ್ರಿ ಗೇಜ್ ತಂದಿಲ್ಲ, "ಕಣ್ಣಂದಾಜು ಸಾಕು" ಅಂದರೆ ಒಪ್ಪಬೇಡಿ. ಕಾಲು ಮಿಲಿಮೀಟರನ್ನು ಕಣ್ಣಿನಿಂದ ಹೇಳುವವರು ಯಾರೂ ಇಲ್ಲ.

ಸಂದು ಕಡಿಮೆ ಇದ್ದರೆ ತುದಿಯನ್ನು ನಯವಾದ ಅರದಿಂದ ಉಜ್ಜಬಹುದು. ಹೊರಗಿನಿಂದ ಒಳಕ್ಕೆ, ಒಂದೇ ದಿಕ್ಕಿಗೆ, ನೇರವಾಗಿ. ಸ್ವಲ್ಪ ಉಜ್ಜಿ ಮತ್ತೆ ಅಳೆಯಬೇಕು. ಕೊನೆಗೆ ತುದಿಯ ಮುಳ್ಳು ತೆಗೆಯಬೇಕು. ಹೊಸ ರಿಂಗಿಗೂ ಸಂದು ಜಾಸ್ತಿ ಬಂದರೆ ಅದಕ್ಕೆ ಮದ್ದಿಲ್ಲ. ಒಂದೋ ರಿಂಗ್ ಬೇರೆ ಅಳತೆಯದು, ಇಲ್ಲವೇ ಲೈನರ್ ಸವೆದಿದೆ. ಬೋರ್ 0.1 ಮಿ.ಮೀ. ಅಗಲವಾದರೆ ಸಂದು 0.3ಕ್ಕಿಂತ ಹೆಚ್ಚು ದೊಡ್ಡದಾಗುತ್ತದೆ. ಲೈನರಿನ ಮೇಲ್ತುದಿಯ ಹತ್ತಿರ ಉಗುರು ಆಡಿಸಿ ನೋಡಿ. ಮೆಟ್ಟಿಲಿನ ಹಾಗೆ ತಡೆದರೆ ಬರೀ ರಿಂಗ್ ಬದಲಿಸಿ ಉಪಯೋಗವಿಲ್ಲ, ಹೊಸ ರಿಂಗ್ ಆ ಮೆಟ್ಟಿಲಿಗೆ ಬಡಿದು ಮುರಿಯಲೂಬಹುದು. ಆಗ ಖರ್ಚು ಜಾಸ್ತಿಯಾದರೂ ಲೈನರನ್ನೂ ಬದಲಿಸಿ. ಎರಡು ಸಲ ಬಿಚ್ಚುವ ಕೂಲಿ ಅದಕ್ಕಿಂತ ದುಬಾರಿ.

ಪಿಸ್ಟನ್ನಿನ ಕಾಡಿಗಳಲ್ಲಿ ಕೂತ ಮಸಿ ಪೂರ್ತಿ ಹೋಗಬೇಕು, ಆಯಿಲ್ ರಿಂಗಿನ ಕಾಡಿಯ ತೂತುಗಳು ಬಿಡಿಸಿರಬೇಕು. ಲೈನರನ್ನು ಸೋಪು ನೀರಿನಲ್ಲಿ ತೊಳೆದು, ಬಿಳಿ ಬಟ್ಟೆಯಲ್ಲಿ ಒರೆಸಿದಾಗ ಬಟ್ಟೆ ಬಿಳಿಯಾಗೇ ಉಳಿಯಬೇಕು, ಆಮೇಲೆ ಎಣ್ಣೆ ಸವರಬೇಕು. ಇದನ್ನು ನೋಡೋದರಲ್ಲಿ ನಮ್ಮನ್ನು ಯಾರೂ ಮೀರಿಸಲಾರರು! ಮೊದಲು ಆಯಿಲ್ ರಿಂಗ್, ಕೊನೆಗೆ ಮೇಲಿನ ರಿಂಗ್ ಹಾಕುವುದು. 'ಟಾಪ್' ಎಂದು ಗುರುತು ಇದ್ದ ಮುಖ ಮೇಲಕ್ಕೆ ಇರಬೇಕು. ರಿಂಗುಗಳ ಸಂದುಗಳು ಒಂದೇ ಸಾಲಿಗೆ ಬಂದರೆ ಗಾಳಿ ಸೋರಲು ನಾವೇ ದಾರಿ ಬಿಟ್ಟ ಹಾಗೆ. ಮೂರು ರಿಂಗಿದ್ದರೆ ಒಲೆಯ ಮೂರು ಕಲ್ಲಿನ ಹಾಗೆ ಮೂರು ದಿಕ್ಕಿಗೆ ಇಡಬೇಕು. ಪಿಸ್ಟನ್ ಒಳಗೆ ಇಳಿಸುವಾಗ ತಡೆದರೆ ಹೊಡೆಯಬಾರದು, ತೆಗೆದು ನೋಡಬೇಕು.

ಕೆಲಸ ಮುಗಿದ ಮೇಲೆ ಹಳೇ ರಿಂಗುಗಳನ್ನು ಕೇಳಿ ಇಟ್ಟುಕೊಳ್ಳಿ. ಪ್ರತಿ ರಿಂಗಿನ ಸಂದು ಎಷ್ಟು ಬಂತು ಅಂತ ಖರ್ಚಿನ ಪುಸ್ತಕದಲ್ಲೇ ತಾರೀಕಿನ ಜೊತೆ ಬರೆಯಿರಿ, ಮುಂದಿನ ಸಲ ಸವೆತ ಎಷ್ಟು ಅಂತ ಲೆಕ್ಕ ಸಿಗುತ್ತದೆ. ಹೊಸ ರಿಂಗ್ ಹಾಕಿದ ಎಂಜಿನ್ನನ್ನು ಲೋಡ್ ಇಲ್ಲದೆ ಗಂಟೆಗಟ್ಟಲೆ ಓಡಿಸಬೇಡಿ, ಹಾಗೆ ಮಾಡಿದರೆ ಲೈನರ್ ನುಣುಪಾಗಿ ರಿಂಗ್ ಕೂರುವುದಿಲ್ಲ. ಮೊದಮೊದಲು ಅರ್ಧ ಲೋಡ್ ಕೊಟ್ಟು ನಿಧಾನವಾಗಿ ಹೆಚ್ಚಿಸಿ, ಮೊದಲ ಆಯಿಲನ್ನು ಬೇಗ ಬದಲಿಸಿ. ಗಿರಣಿಯವರು ಏರ್ ಫಿಲ್ಟರನ್ನು ಮರೀಬೇಡಿ. ಅದರಲ್ಲಿ ಎಣ್ಣೆ ಹಾಕುವ ಬಟ್ಟಲಿದ್ದರೆ ತೊಳೆದು ಹೊಸ ಎಣ್ಣೆ ಹಾಕಿ. ಅಲ್ಲಿಂದ ಒಳಹೋಗುವ ಧೂಳೇ ರಿಂಗನ್ನು ತಿನ್ನುವುದು.